ಗುರುವಾರ ಹತ್ತು ಗಂಟೆಯ ಪಾಠ

ಮೆಕ್ಯಾನಿಕ್ಕು ಕಾರಿನ ನೆತ್ತಿಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೂರನೇ ಸ್ಕ್ರೂ ಬಿಚ್ಚುತ್ತಿದ್ದಾಗ ಮೇಷ್ಟ್ರ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದರು.

“ಏನೋ ಮಾಡ್ತಾ ಇದೀಯ ಅಲ್ಲಿ? ಹಾಕು ವಾಪಸ್ಸು.”

“ಅಮ್ಮಾ, ಮಣ್ಣಿಗೆ ಹೋಗೋ ಗಾಡಿ ಮೇಲೆ ‘ಕಲಿಯುವವರಿದ್ದಾರೆ, ದೂರವಿರಿ’ ಅಂತ ಇದ್ರೆ ನೋಡಿದೋರು ಏನಂತಾರೆ?”

“ಏನಂತಾರೆ? ದೂರ ಇರ್ತಾರೆ ಅಷ್ಟೆ. ಹತ್ತು ಗಂಟೆಗೆ ಪಾಠ ಇದೆ, ಬೋರ್ಡ್ ಬೇಕು.”

ಮೆಕ್ಯಾನಿಕ್ಕು ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಿಚ್ಚಿದ ಸ್ಕ್ರೂಗಳನ್ನು ಜೇಬಿನಿಂದ ಹೊರತೆಗೆದ. ದುಃಖಕ್ಕೆ ಅಮ್ಮನ ತಲೆ ಸ್ವಲ್ಪ ಆಚೀಚೆ ಆಗಿರಬೇಕು ಎಂದುಕೊಂಡ. ಆಗದೇ ಏನು? ಮೇಷ್ಟ್ರು ಹೋಗಿ ಎರಡೇ ದಿನ. ಮಂಗಳವಾರ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಮುಖ ಒರೆಸಿಕೊಳ್ಳಲು ಟವೆಲ್ಲಿಗೆ ಕೈ ಚಾಚಿದವರು ಹಾಗೇ ಕುರ್ಚಿಯ ಮೇಲೆ ಕೂತರು. ಕೂತವರು ಏಳಲಿಲ್ಲ. ಎಪ್ಪತ್ತೊಂದು ವರ್ಷ. “ಇಷ್ಟು ಅಚ್ಚುಕಟ್ಟಾಗಿ ಪಾರ್ಕ್ ಮಾಡಿದೋರನ್ನ ನಾನು ನೋಡಿಲ್ಲ” ಎಂದು ಶಿಷ್ಯನೊಬ್ಬ ಅಂದ ಮಾತು ಆಗಲೇ ಊರೆಲ್ಲ ಸುತ್ತಿ ಬಂದಿತ್ತು.

ಮೇಷ್ಟ್ರ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತ ಹೊರಗೆ ಬಂದರು. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು; ಸಾವಿಗೂ ಒಂದು ಟೈಮ್ ಟೇಬಲ್ ಇರಬೇಕು ಅನ್ನುವ ಜಾತಿ.

“ಅತ್ತಿಗೆ, ಹತ್ತಕ್ಕೆ ಹೊರಟು ಹತ್ತೂ ಇಪ್ಪತ್ತಕ್ಕೆ ಸ್ಮಶಾನ ಸೇರಬೇಕು. ಪಾಸ್ಟರು ಅಲ್ಲಿ ಕಾಯ್ತಾ ಇರ್ತಾರೆ. ಇದರ ಮಧ್ಯೆ ಯಾವ ಪಾಠ?”

ಅಮ್ಮ ಒಳಗಿನಿಂದ ಒಂದು ಡೈರಿ ತಂದು ಅವರ ಮೂಗಿನ ಮುಂದೆ ಹಿಡಿದರು. ಗುರುವಾರದ ಪುಟದಲ್ಲಿ ಮೇಷ್ಟ್ರ ದುಂಡು ಅಕ್ಷರ: ಹತ್ತು ಗಂಟೆ, ನರ್ಸಮ್ಮ, ಕೊನೇ ಪಾಠ.

“ನಿನ್ನೆಯ ಪಾಠಗಳನ್ನೆಲ್ಲ ಫೋನ್ ಮಾಡಿ ಬೇಡ ಅಂದೆ. ಇದೊಂದನ್ನ ಬೇಡ ಅನ್ನಲ್ಲ” ಅಂದರು ಅಮ್ಮ. “ಇಪ್ಪತ್ತೆರಡು ವರ್ಷದಲ್ಲಿ ಕೊನೇ ಪಾಠ ಒಂದೂ ತಪ್ಪಿಲ್ಲ.”

ಮೇಷ್ಟ್ರ ಸ್ಕೂಲಿನಲ್ಲಿ ಹಾಗೊಂದು ಪದ್ಧತಿ ಇತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಪಾಠ ಬಾಕಿ ಉಳಿಯುತ್ತಿತ್ತು. ಆ ದಿನ ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹಿಂದೆ ಕೂತು, ಶಿಷ್ಯ ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಹೋಗಿ ಬರುತ್ತಿದ್ದರು. ದಾರಿಯುದ್ದಕ್ಕೂ ರಸ್ತೆಯ ಬಗ್ಗೆ ಒಂದು ಮಾತಿಲ್ಲ. ಆ ಪುಣ್ಯದಿಂದ ಅಮ್ಮ ನೋಡದ ಕೆರೆ, ಪಾರ್ಕು, ಗುಡ್ಡ ಆ ಸುತ್ತಿನಲ್ಲಿ ಇರಲಿಲ್ಲ.

ನರ್ಸಮ್ಮ ಆ ಹೊತ್ತಿಗೆ ಗೇಟಿನ ಹತ್ತಿರ ಹೂ ಹಿಡಿದು ನಿಂತಿದ್ದಳು. ಬಸ್ಸಿನಲ್ಲಿ ಬಂದಿದ್ದಳು. ಒಂಬತ್ತನೇ ಸಲಕ್ಕೆ ಪಾಸಾಗಿ ಮೂರು ವಾರವಾಗಿತ್ತು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಸೋಮವಾರದಿಂದ ಆಸ್ಪತ್ರೆಯವರು ಅವಳಿಗೆ ಒಂದು ಕಾರು ಕೊಟ್ಟು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಕೊಡುವವರಿದ್ದರು. ತನ್ನಿಂದ ಆಗುವುದಿಲ್ಲ ಎಂದು ಬರೆದ ಕಾಗದ ಅವಳ ಬ್ಯಾಗಿನಲ್ಲಿತ್ತು. ಮಣ್ಣು ಮುಗಿಸಿಕೊಂಡು ಅದನ್ನು ಕೊಟ್ಟು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗುವುದೆಂದು ನಿಶ್ಚಯಿಸಿದ್ದಳು.

“ಬಂದ್ಯಾ? ಬಾ” ಅಂದರು ಅಮ್ಮ. “ಹೂವನ್ನ ಅವರ ಹತ್ರ ಇಟ್ಟು ಬಾ. ಕೀ ನನ್ನ ಹತ್ರ ಇದೆ.”

“ಅಮ್ಮಾ, ಇವತ್ತಾ? ನನ್ನ ಕೈಲಾಗಲ್ಲ.”

“ಕೈಲಾಗೋರಿಗೆ ಅವರು ಪಾಠ ಎಲ್ಲಿ ಹೇಳಿದ್ರು?”

ಅದೂ ನಿಜವೇ. ಹೊಸಬರು ಸೇರಲು ಬಂದರೆ ಮೇಷ್ಟ್ರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಭಯ ಇದೆಯಾ?” ಇಲ್ಲ ಅಂದವರನ್ನು “ಎದುರುಗಡೆ ಸ್ಕೂಲಿಗೆ ಹೋಗಿ, ಚೆನ್ನಾಗಿ ಹೇಳಿಕೊಡ್ತಾರೆ” ಎಂದು ಸಾಗಹಾಕುತ್ತಿದ್ದರು. ಹಾಗಾಗಿ ಅಂದು ಅವರ ಹಜಾರದಲ್ಲಿ ಶವಪೆಟ್ಟಿಗೆಯ ಸುತ್ತ ಕೂಡಿದವರೆಲ್ಲ ಊರಿನ ಅತ್ಯಂತ ಪುಕ್ಕಲರು. ಬೇಕರಿಯವನು, ಇಬ್ಬರು ಟೀಚರುಗಳು, ಸೆಲೂನಿನ ಯಜಮಾನ, ದರ್ಜಿ ಹೆಂಗಸು, ಇನ್ನೂ ನಲವತ್ತು ಮಂದಿ. ಎಲ್ಲರೂ ಅಳುತ್ತ ನಗುತ್ತಿದ್ದರು.

“ನಾನು ಎರಡನೇ ದಿನವೇ ಸ್ಕೂಲ್ ಗೇಟಿಗೆ ಗುದ್ದಿದ್ದೆ” ಅಂದ ಬೇಕರಿಯವನು. “ಮೇಷ್ಟ್ರು ಕೆಳಗಿಳಿದು ಗೇಟಿನ ಬೆನ್ನು ಸವರಿ, ತಪ್ಪಾಯ್ತಪ್ಪಾ, ಹೊಸ ಹುಡುಗ ಅಂದ್ರು. ನನಗೆ ಆಗ ನಲವತ್ತಾರು.”

“ಅದಿರಲಿ, ಅವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರ್ತಿದ್ರಲ್ಲ, ಅದ್ಯಾಕೆ?” ಎಂದು ದರ್ಜಿ ಹೆಂಗಸು ಕೇಳಿದಳು. “ಅವರ ಕಾಲಡೀಲೂ ಒಂದು ಬ್ರೇಕ್ ಇತ್ತು. ಒಂದು ದಿನಾನೂ ಒತ್ತಿದ್ದು ನೋಡ್ಲಿಲ್ಲ. ಬೇಕಾದ್ರೆ ಪಕ್ಕದ ಹ್ಯಾಂಡ್‌ಬ್ರೇಕ್ ಎಳೀತಿದ್ರು ಅಷ್ಟೆ.”

“ಮಂಡಿ ನೋವು ಅಂತಿದ್ರು.”

“ನನಗೆ ಅದು ಪ್ರಾರ್ಥನೆ ಭಂಗಿ ಅಂತ ಹೇಳಿದ್ರು.”

ಎಲ್ಲರೂ ಅಮ್ಮನ ಮುಖ ನೋಡಿದರು. ಅಮ್ಮ ಪೆಟ್ಟಿಗೆಯ ಅಂಚಿಗೆ ಕೈಯೂರಿ, ಗಂಡನ ಅನುಮತಿ ಕೇಳುವವರಂತೆ ಒಮ್ಮೆ ಒಳಗೆ ನೋಡಿದರು.

“ಇನ್ನು ಹೇಳಬಹುದು ಬಿಡಿ” ಅಂದರು.

*

ಇಪ್ಪತ್ತಮೂರು ವರ್ಷದ ಹಿಂದೆ ಮೇಷ್ಟ್ರ ಎರಡೂ ಕಾಲು ನೆಲದ ಮೇಲೇ ಇರುತ್ತಿದ್ದವು. ಆಗ ಅವರು ಎಲ್ಲರಿಗೂ ಕಲಿಸುತ್ತಿದ್ದರು, ಗಟ್ಟಿಯಾಗಿ ಗದರುತ್ತಿದ್ದರು. ಒಂದು ಮಧ್ಯಾಹ್ನ ದೊಡ್ಡ ಸರ್ಕಲ್ಲಿನಲ್ಲಿ ಶಿಷ್ಯನೊಬ್ಬ ಬಲಕ್ಕೆ ತಿರುಗುವಾಗ ಸೈಕಲ್ಲಿನಲ್ಲಿ ಬರುತ್ತಿದ್ದ ಪೋಸ್ಟ್‌ಮ್ಯಾನು ಅಡ್ಡ ಸಿಕ್ಕಿದ. ಮೇಷ್ಟ್ರು ಬ್ರೇಕ್ ಒತ್ತಿದರು, ಕಣ್ಣು ಮಿಟುಕಿಸುವಷ್ಟು ತಡವಾಗಿತ್ತು. ಪೋಸ್ಟ್‌ಮ್ಯಾನಿನ ಸೊಂಟದ ಮೂಳೆ ಮುರಿಯಿತು. ನಾಲ್ಕು ತಿಂಗಳಲ್ಲಿ ಅವನು ಎದ್ದು, ಕಾಗದ ಹಂಚುತ್ತ ಮೇಷ್ಟ್ರ ಬಾಗಿಲಿಗೂ ಬಂದ. ಮೇಷ್ಟ್ರು ಮಾತ್ರ ಏಳಲಿಲ್ಲ.

ಪರದೆ ಎಳೆದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರು ಎಂಟು ತಿಂಗಳು ಹಾಗೇ ಇದ್ದರು. ಬೀದಿಯಲ್ಲಿ ಹಾರನ್ ಕೇಳಿದರೆ ದಿಂಬು ಒತ್ತಿಕೊಳ್ಳುತ್ತಿದ್ದರು. “ನಾನು ಇದ್ದರೆಷ್ಟು, ಹೋದರೆಷ್ಟು” ಎಂದು ಅವರು ಒಂದು ದಿನ ಅಂದ ಮೇಲೆ ಅಮ್ಮ ಬ್ಲೇಡುಗಳನ್ನೆಲ್ಲ ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟರು. ಸಂಜೆ ಹಾಸಿಗೆಯ ಬಳಿ ಕೂತು ಬೈಬಲ್ ಓದುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಆಗುತ್ತಿತ್ತು. ನಂಬಿಕೆ ಸಾಲದು ಎಂದು ಹೇಳಿ ಹೋಗಲು ಬಂದ ನೆಂಟರಿಗೆ ಅಮ್ಮ ಆಮೇಲೆ ಬಾಗಿಲನ್ನೇ ತೆರೆಯಲಿಲ್ಲ.

ಆಗ ಬಂದವರು ಹಳೆಯ ಪಾದ್ರಿಗಳು. ಅರವತ್ತಮೂರು ವಯಸ್ಸು, ಡೊಳ್ಳು ಹೊಟ್ಟೆ, ಸೋಡಾಗ್ಲಾಸು. ಹಾಸಿಗೆಯ ಪಕ್ಕ ನಿಂತು, “ನನಗೆ ಕಾರು ಕಲೀಬೇಕು” ಅಂದರು.

“ಬಿಟ್ಟುಬಿಟ್ಟಿದೀನಿ ಅಯ್ಯನವರೇ.”

“ನೀನು ಕಲಿಸೋದು ಬೇಡ. ಪಕ್ಕದಲ್ಲಿ ಕೂತಿರು ಸಾಕು. ಆಗಲ್ಲ ಅಂದ್ರೆ ನಾನೊಬ್ಬನೇ ಹೊರಡ್ತೀನಿ, ಕೀ ಆಗಲೇ ಇಸ್ಕೊಂಡಿದೀನಿ.”

ಅಂದವರು ಹೋಗಿಯೇ ಬಿಟ್ಟರು. ಎರಡು ನಿಮಿಷದಲ್ಲಿ ಅಂಗಳದಿಂದ ಕ್ಲಚ್ ಒತ್ತದೆ ಗೇರ್ ಹಾಕುವ ಸದ್ದು ಬಂತು. “ಎಂಟು ತಿಂಗಳು ಯಾವ ಪ್ರಾರ್ಥನೆಗೂ ಏಳದ ಮನುಷ್ಯ ಗೇರ್‌ಬಾಕ್ಸ್ ಕೂಗಿದ್ದು ಕೇಳಿ ಪಂಚೆ ಎತ್ತಿಕೊಂಡು ಓಡಿದ್ರು” ಎಂದು ಅಮ್ಮ ಹೇಳಿದಾಗ ಹಜಾರವೆಲ್ಲ ನಕ್ಕಿತು.

ಮೊದಲನೇ ಕೆಂಪು ದೀಪಕ್ಕೆ ಪಾದ್ರಿಗಳು ಜೇಬಿನಿಂದ ಪುಟ್ಟ ವೇದಪುಸ್ತಕ ತೆಗೆದು ಮೇಷ್ಟ್ರ ತೊಡೆಯ ಮೇಲಿಟ್ಟರು. “ನನ್ನ ಕೈ ಖಾಲಿಯಿಲ್ಲ. ಗುರುತು ಹಾಕಿರೋ ಕಡೆ ಓದು.”

“ಓದಿದ್ರೆ ಒಳಗೆ ಹೋಗಲ್ಲ ಅಯ್ಯನವರೇ. ಅರ್ಥವೇ ಆಗಲ್ಲ.”

“ಮಾತ್ರೆ ನುಂಗೋವಾಗ ಅರ್ಥ ಮಾಡ್ಕೊಂಡು ನುಂಗ್ತೀಯಾ? ಓದು.”

ಕೆಂಪು ದೀಪ ಒಂದಕ್ಕೆ ವಚನ ಒಂದು. ಮೊದಲ ದಿನ ನಾಲ್ಕು ದೀಪ ಸಿಕ್ಕವು. ಎರಡನೇ ವಾರ ಅದೇ ಕಾರಿನಲ್ಲಿ ಪಾದ್ರಿಗಳು ಅವರನ್ನು ಡಾಕ್ಟರ ಬಳಿಗೂ ಕರೆದುಕೊಂಡು ಹೋದರು. ನಿಜವಾದ ಮಾತ್ರೆಯೂ ಶುರುವಾಯಿತು. ಎರಡು ತಿಂಗಳಿಗೆ ಮೇಷ್ಟ್ರು ಹಸಿರು ದೀಪ ಕಂಡರೆ ಬೇಸರಪಟ್ಟುಕೊಳ್ಳುವಂತಾದರು. ಯಾವ ಮಾತು ಯಾವಾಗ ಒಳಗಿಳಿಯಿತೋ ಅವರಿಗೂ ಗೊತ್ತಾಗಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಎಚ್ಚರವಾದರೆ ಪೋಸ್ಟ್‌ಮ್ಯಾನಿನ ಸೈಕಲ್ಲಿಗಿಂತ ಮೊದಲು ಒಂದು ವಚನ ನೆನಪಿಗೆ ಬರುತ್ತಿತ್ತು.

ಆದರೆ ಕಾಲು ಮಾತ್ರ ಬ್ರೇಕಿನ ಮೇಲೇ. ನಾಯಿ ಬಾಲ ಅಲ್ಲಾಡಿಸಿದರೂ ಒತ್ತುತ್ತಿದ್ದರು. ಮೂರನೇ ತಿಂಗಳು ಪಾದ್ರಿಗಳು ಗಾಡಿಯನ್ನು ಬದಿಗೆ ನಿಲ್ಲಿಸಿದರು.

“‘ಹೆದರಬೇಡ’ ಅಂತ ಈಗ ತಾನೇ ಓದಿದ್ದು ಯಾರು?”

“ನಾನೇ.”

“ಓದಿದ ಮೇಲೆ ಕಾಲು ಮೇಲೆ ತಗೋ.”

ಮೇಷ್ಟ್ರು ಚಪ್ಪಲಿ ಬಿಟ್ಟು ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡರು. ಬೇಕರಿಯಿಂದ ಪೋಸ್ಟಾಫೀಸಿನ ತನಕ ಮೂರು ನಿಮಿಷದ ದಾರಿ. ಆ ಮೂರು ನಿಮಿಷದಲ್ಲಿ ಅದೇ ವಚನವನ್ನು ಹನ್ನೊಂದು ಸಲ ಹೇಳಿಕೊಂಡರಂತೆ. ಒಂದು ಕಸದ ತೊಟ್ಟಿಯ ವಿನಾ ಯಾರಿಗೂ ಪೆಟ್ಟಾಗಲಿಲ್ಲ. ಆ ಸಂಜೆ ಅಂಗಳದಲ್ಲಿ ಗಂಡ ನಗುವುದು ಕೇಳಿ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಅಲ್ಲೇ ನಿಂತು ಅತ್ತರು.

ಪಾದ್ರಿಗಳು ಲೈಸೆನ್ಸ್ ಪರೀಕ್ಷೆಗೆ ಕೂರಲೇ ಇಲ್ಲ. ಸಾಯುವ ತನಕ ಬಸ್ಸಿನಲ್ಲೇ ಓಡಾಡಿದರು.

*

ಹತ್ತು ಗಂಟೆಗೆ ಸರಿಯಾಗಿ ಶವದ ವ್ಯಾನು ಹೊರಟಿತು. ಗಾರ್ಡ್ ತಮ್ಮ ಅದರಲ್ಲಿ ಡ್ರೈವರಿನ ಪಕ್ಕ ಕೂತರು. ಅದರ ಹಿಂದೆ ಬೋರ್ಡು ಹೊತ್ತ ಸ್ಕೂಲಿನ ಕಾರು; ಅಮ್ಮ ಹಿಂದಿನ ಸೀಟಿನಲ್ಲಿ. ಮುಂದಿನ ಸೀಟಿನಲ್ಲಿ ಕೂರಲು ಹೋದ ಮೆಕ್ಯಾನಿಕ್ಕನ್ನು ಅಮ್ಮ ಗದರಿ ಇಳಿಸಿದರು. ಅಲ್ಲಿ ನರ್ಸಮ್ಮನ ಬ್ಯಾಗು ಮಾತ್ರ ಇತ್ತು. ಅದರ ಹಿಂದೆ ಒಂದರ ಬಾಲ ಹಿಡಿದು ಒಂದು, ನಲವತ್ತು ಗಾಡಿಗಳು.

ನರ್ಸಮ್ಮ ಡ್ರೈವರ್ ಸೀಟಿನಲ್ಲಿ ಎರಡೂ ಕೈಯಿಂದ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದಳು. ವ್ಯಾನಿನವನು ಮೇಷ್ಟ್ರ ಶಿಷ್ಯನಲ್ಲ. ಸರ್ಕಲ್ಲಿನಲ್ಲಿ ಹಳದಿ ದೀಪ ಕಂಡು ಸರ್ರನೆ ದಾಟಿಬಿಟ್ಟ. ನರ್ಸಮ್ಮ ನಿಂತಳು. ಬಲಕ್ಕೆ ತಿರುಗಬೇಕಿದ್ದ ಅದೇ ದೊಡ್ಡ ಸರ್ಕಲ್ಲು.

ಹಿಂದೆ ನಲವತ್ತು ಗಾಡಿಗಳ ಕಿಟಕಿಗಳು ಇಳಿದವು, ಒಂದು ಗುಜುಗುಜು ಎದ್ದಿತು. ಕೆಂಪು ದೀಪಕ್ಕೆ ವಚನ ಹೇಳುವುದು ಮೇಷ್ಟ್ರ ಎಲ್ಲ ಶಿಷ್ಯರ ಕರ್ಮ. ಶುರು ಮಾಡಿದ್ದನ್ನು ಮುಗಿಸಿಯೇ ಗೇರು ಹಾಕಬೇಕು. ದೀಪ ಹಸಿರಾಯಿತು. ನರ್ಸಮ್ಮ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು.

ದೀಪ ಮತ್ತೆ ಕೆಂಪು. ಹಿಂದಿನವರು ಮತ್ತೆ ವಚನ ಶುರು ಮಾಡಿದರು.

ಮತ್ತೆ ಹಸಿರು. ಅವಳ ಕೈ ಕೀ ತಿರುಗಿಸಲು ಒಪ್ಪಲಿಲ್ಲ. ಹಿಂದಿನವರಲ್ಲಿ ಒಬ್ಬರೂ ಹಾರನ್ ಹೊಡೆಯಲಿಲ್ಲ. ಎಲ್ಲೋ ಕೊನೆಯಲ್ಲಿ ಸಿಕ್ಕಿಕೊಂಡ ಬಸ್ಸೊಂದು ಹೊಡೆಯಿತು. ಹಿಂದಿನ ಗಾಡಿಯಲ್ಲಿದ್ದ ಮೆಕ್ಯಾನಿಕ್ಕು ಇಳಿದು ಅತ್ತ ನಡೆದ. ಟ್ರಾಫಿಕ್ ಪೊಲೀಸಿನವನು ಸೀಟಿ ಕಚ್ಚಿಕೊಂಡು ಬಂದು, ಬೋರ್ಡು ನೋಡಿ, ಅಮ್ಮನನ್ನು ನೋಡಿ, ಟೋಪಿ ತೆಗೆದ.

“ಇವತ್ತೇ ಅಲ್ವಾ ಅಮ್ಮಾ? ನನಗೆ ರಜ ಸಿಗ್ಲಿಲ್ಲ” ಅಂದ. ಆಮೇಲೆ ಕಿಟಕಿಗೆ ಬಗ್ಗಿ, “ನಾನು ಆರನೇ ಸಲಕ್ಕೆ ಪಾಸಾದೋನು ಸಿಸ್ಟರ್. ನಿಧಾನವಾಗಿ ಹೋಗಿ” ಎಂದು ಹೇಳಿ ಎದುರಿನ ಗಾಡಿಗಳ ಕಡೆ ತಿರುಗಿ ನಿಂತ.

“ನಾನು ಇಳಿದುಬಿಡ್ತೀನಿ ಅಮ್ಮಾ” ಅಂದಳು ನರ್ಸಮ್ಮ. “ಯಾರಾದ್ರೂ ಓಡಿಸಲಿ. ಹೊತ್ತಾಗ್ತಾ ಇದೆ.”

“ನನಗೇನೂ ಅವಸರ ಇಲ್ಲ” ಅಂದರು ಅಮ್ಮ. “ಅವರಿಗಂತೂ ಮೊದಲೇ ಇಲ್ಲ.”

*

ಆರು ವಾರದ ಹಿಂದೆ ಇದೇ ದೀಪಕ್ಕೆ ಅವಳು ಮೇಷ್ಟ್ರ ಜೊತೆ ನಿಂತಿದ್ದಳು. ಎಲ್ಲ ಶಿಷ್ಯರಿಗೂ ಒಂದೊಂದು ವಚನ ಇತ್ತು, ಅವಳಿಗಿರಲಿಲ್ಲ.

“ನನಗೆ ಯಾವುದೂ ಅಂಟಲ್ಲ ಮೇಷ್ಟ್ರೇ. ನಮ್ಮಮ್ಮ ಹೋದಾಗಿಂದ ಒಳಗೆಲ್ಲ ಕತ್ತಲು. ಡ್ಯೂಟಿ ಮುಗಿಸಿ ಬಂದು ಮಲಗಿದ್ರೆ ಎದ್ದೇಳೋದು ಯಾಕೆ ಅನ್ಸುತ್ತೆ.”

ಮೇಷ್ಟ್ರು ಸೀಟಿನ ಮೇಲೆ ಕಾಲು ಸರಿಮಾಡಿಕೊಂಡರು. “‘ಕತ್ತಲ ಕಣಿವೆಯಲ್ಲಿ ನಡೆದರೂ ಹೆದರೆನು, ನೀನು ನನ್ನ ಜೊತೆ ಇದ್ದೀ’ ಅನ್ನೋ ವಚನ ಗೊತ್ತಲ್ಲ? ಅದರಲ್ಲಿ ಕಣಿವೇಲಿ ಮಲಗಿದೋರ ಮಾತಿಲ್ಲ ನೋಡು, ನಡೆಯೋರ ಮಾತಿದೆ. ಎಷ್ಟು ಸ್ಪೀಡು ಅಂತಾನೂ ಬರೆದಿಲ್ಲ. ಫಸ್ಟ್ ಗೇರ್ ಸಾಕು.”

“ನಿಮಗೆ ಭಯ ಪೂರ್ತಿ ಹೋಯ್ತಾ?”

“ಎಲ್ಲಿ ಹೋಗುತ್ತೆ? ಬೆಳಿಗ್ಗೆ ಕಣ್ಣು ಬಿಡೋ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಿರುತ್ತೆ. ಇರಪ್ಪಾ ಅಂತೀನಿ, ನಿನಗಿಂತ ಮೊದಲೇ ಬಂದೋನು ಒಬ್ಬ ನನ್ನ ಜೊತೆ ಇದಾನೆ, ಅವನ ಹತ್ರ ಮಾತಾಡಿ ಬರ್ತೀನಿ ಅಂತ.” ಆಮೇಲೆ ಕೈ ತೋರಿಸಿದರು. “ಹಸಿರು ಬಿತ್ತು ನೋಡು, ತಾಯಿ.”

*

ದೀಪ ಮತ್ತೆ ಕೆಂಪಾಗಿತ್ತು. ನರ್ಸಮ್ಮ ಕೀ ತಿರುಗಿಸಿದಳು. ಎಂಜಿನ್ನು ಹತ್ತಿಕೊಂಡಿತು. ಪಕ್ಕದ ಸೀಟು ಖಾಲಿ. ಅಲ್ಲಿನ ಬ್ರೇಕಿಗೆ ಕಾಲಿಡುವವರಾಗಲಿ, ಇಡದೇ ಇರುವವರಾಗಲಿ ಯಾರೂ ಇರಲಿಲ್ಲ. ಅವಳು ಕತ್ತಲ ಕಣಿವೆಯ ವಚನ ಶುರು ಮಾಡಿದಳು. ಮೊದಲು ತುಟಿಯಲ್ಲಿ, ಆಮೇಲೆ ದನಿಯಲ್ಲಿ. ನಡುವೆ ಒಂದು ಕಡೆ ಮರೆತು, ಹಿಂದಕ್ಕೆ ಹೋಗಿ ಮತ್ತೆ ಹಿಡಿದಳು. ಅಷ್ಟರಲ್ಲಿ ದೀಪ ಹಸಿರಾಗಿತ್ತು. ಅವಳು ಅವಸರ ಮಾಡಲಿಲ್ಲ. ಜೊತೆಗೆ ಒಬ್ಬನಿದ್ದಾನೆ ಅನ್ನುವ ಮಾತನ್ನು ಎರಡು ಸಲ ಹೇಳಿದಳು. ಕೊನೆಯ ಪದ ಮುಗಿಸಿ ಫಸ್ಟ್ ಗೇರ್ ಹಾಕಿದಳು. ಕಾರು ಬಲಕ್ಕೆ ತಿರುಗಿ, ಸರ್ಕಲ್ಲು ದಾಟಿ ಹೋಯಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಸಾವಿನ ಮೆರವಣಿಗೆ ಅನ್ನುವುದು ನೆನಪಾಗಿ ನಿಲ್ಲಿಸಿದರು.

ಸ್ಮಶಾನದ ಗೇಟಿನಲ್ಲಿ ಗಾರ್ಡ್ ತಮ್ಮ ಕೆಂಡವಾಗಿದ್ದರು.

“ಮೂವತ್ತೆಂಟು ವರ್ಷ ರೈಲಲ್ಲಿದ್ದೆ ಅತ್ತಿಗೆ. ಎಂಜಿನ್ ಮಾತ್ರ ಬಂದು ಬೋಗಿಗಳು ಬಾರದೇ ಇದ್ದದ್ದು ಇದೇ ಮೊದಲು!”

“ಅಣ್ಣನ ಜೊತೆ ಇಪ್ಪತ್ತು ನಿಮಿಷ ಹೆಚ್ಚಿಗೆ ಸಿಕ್ತಲ್ಲ” ಅಂದರು ಅಮ್ಮ.

ಗಾರ್ಡ್ ತಮ್ಮ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡರು. ಪಾಸ್ಟರು ಪ್ರಾರ್ಥನೆ ಮಾಡಿದರು, ಹಾಡಿದರು, ಮಣ್ಣು ಹಾಕಿದರು. ಅಮ್ಮ ಮೂರು ಹಿಡಿ ಹಾಕಿ ಕೈ ಕೊಡವಿಕೊಳ್ಳದೆ ಹಾಗೇ ನಿಂತರು. ನರ್ಸಮ್ಮ ತನ್ನ ಕರವಸ್ತ್ರದಿಂದ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.

“ಸೋಮವಾರ ಎಷ್ಟು ಹೊತ್ತಿಗೆ ನಿನಗೆ ಕೆಲಸ?” ಎಂದು ಅಮ್ಮ ಕೇಳಿದರು.

“ಎಂಟಕ್ಕೆ.”

ಹೇಳಿದ ಮೇಲೆಯೇ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿದದ್ದು. ತಿದ್ದಲು ಹೋಗಲಿಲ್ಲ.

ವಾಪಸು ಹೋಗುವಾಗ ಅವಳೇ ಮುಂದೆ. ಎರಡು ದೀಪ, ಒಂದು ಸೇತುವೆ, ಒಂದು ಇಳಿಜಾರು. ಇಳಿಜಾರಿನಲ್ಲಿ ಏನೋ ಕೇಳೋಣವೆಂದು ಕನ್ನಡಿ ನೋಡಿದಳು. ಅಮ್ಮ ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆಹೋಗಿದ್ದರು. ಮಂಗಳವಾರದಿಂದ ಅವರು ಕಣ್ಣು ಮುಚ್ಚಿಲ್ಲ ಎಂದು ಹಜಾರದಲ್ಲಿ ಯಾರೋ ಅಂದದ್ದು ನರ್ಸಮ್ಮನಿಗೆ ನೆನಪಾಯಿತು.

ಮನೆ ಬಂತು. ಗೇಟಿನಲ್ಲಿ ನೆಂಟರು ಚಹಾದ ಫ್ಲಾಸ್ಕುಗಳನ್ನು ಹಿಡಿದು, ಇಲ್ಲೇ ಇಲ್ಲೇ ಎಂದು ಕೈಬೀಸಿದರು. ಕಾರು ನಿಂತರೆ ಅಮ್ಮನಿಗೆ ಎಚ್ಚರವಾಗುತ್ತದೆ. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಕುಲುಕದ ಹಾಗೆ ಎರಡನೇ ಗೇರಿನಲ್ಲೇ ಮನೆಯನ್ನು ದಾಟಿ ಮುಂದೆ ಹೋದಳು. ಬೀದಿಯ ಕೊನೆಯಲ್ಲಿ ಬಲಕ್ಕೆ ದೀಪ ಹಾಕಿ ದೊಡ್ಡ ರಸ್ತೆಗೆ ತಿರುಗಿದಳು. ಅವಳ ಹಿಂದೆ ಬಂದ ಬೇಕರಿಯವನಿಗೆ ಏನೂ ಅರ್ಥವಾಗದಿದ್ದರೂ ಅವನೂ ಬಲಕ್ಕೆ ದೀಪ ಹಾಕಿದ, ಅವನ ಹಿಂದೆ ದರ್ಜಿ ಹೆಂಗಸು, ಅವಳ ಹಿಂದೆ ಟೀಚರುಗಳು, ಹೀಗೆ ಒಬ್ಬೊಬ್ಬರಾಗಿ ನಲವತ್ತು ಗಾಡಿಗಳೂ ಚಹಾ ಹಿಡಿದು ನಿಂತ ನೆಂಟರ ಮುಂದೆಯೇ ಮೆಲ್ಲಗೆ ಹಾದು ಹೋದವು.